ಎರಡು ಬೆರಳು ಕದಲದ ಹಾಡು

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮಗೆಲ್ಲ ಗೊತ್ತಿದ್ದದ್ದೇ. ನನಗೆ ಅರವತ್ತಾಗಲು ಇನ್ನೂ ಮೂರು ವರ್ಷ ಬಾಕಿ ಇರುವುದರಿಂದ ನನ್ನ ಗಿಟಾರ್ ಕಲಿಕೆಗೆ ಆ ಗಾದೆಯನ್ನು ಯಾರೂ ಹೊಂದಿಸುವ ಹಾಗಿಲ್ಲ! ಆದರೂ ಸಂಘದ ಮಹಿಳಾ ವಿಭಾಗದ ಗೆಳತಿಯರಿಂದ ಹಿಡಿದು ನಮ್ಮ ಯಜಮಾನರವರೆಗೆ ಎಲ್ಲರದೂ ಒಂದೇ ಪ್ರಶ್ನೆ. ಚಿಕ್ಕಂದಿನಲ್ಲಿ ವೀಣೆ ಕಲಿತವಳಿಗೆ ಈ ವಯಸ್ಸಿನಲ್ಲಿ ಗಿಟಾರ್ ಯಾಕೆ? ಅದೂ ದೇವರನಾಮವಲ್ಲ, ಭಾವಗೀತೆಯಲ್ಲ, ಇಂಗ್ಲೆಂಡಿನವರ ರಾಕ್ ಹಾಡು! ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವ ಬದಲು ಈ ತಿಂಗಳ ಅಂಕಣದಲ್ಲೇ ಎಲ್ಲರಿಗೂ ಸೇರಿಸಿ ಹೇಳಿಬಿಡೋಣವೆಂದು ಕೂತಿದ್ದೇನೆ.

ಹಾಡಿನ ಹೆಸರು 'ವಿಶ್ ಯೂ ವರ್ ಹಿಯರ್'. ಹಾಡಿದವರು ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ತಂಡ. 1975ರ ಸೆಪ್ಟೆಂಬರಿನಲ್ಲಿ ಇದೇ ಹೆಸರಿನ ಅವರ ಎಲ್.ಪಿ. ರೆಕಾರ್ಡು ಹೊರಬಂತು. ರಾಕ್ ಎಂದರೆ ಕಿರುಚಾಟ, ಡ್ರಮ್ಮಿನ ಗುಡುಗು ಎಂದು ನೀವು ಹೆದರಬೇಕಿಲ್ಲ. ಇದು ಸಾವಧಾನದ ಹಾಡು. ಹೆಚ್ಚುಕಡಿಮೆ ಸೆಕೆಂಡಿಗೊಂದು ಪೆಟ್ಟು, ಅಂದರೆ ನಮ್ಮ ಮನೆಯ ಗೋಡೆ ಗಡಿಯಾರದ ನಡಿಗೆ. ಶುರುವಾಗುವುದೂ ಬರೀ ಮರದ ಗಿಟಾರಿನಿಂದ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಾದ್ದರಿಂದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಹೆಸರಿನೊಳಗಿನ ವ್ಯಾಕರಣ. ಇಂಗ್ಲಿಷರು ಸಮುದ್ರ ತೀರಕ್ಕೆ ರಜೆಗೆ ಹೋದಾಗ ಮನೆಯವರಿಗೆ ಬರೆಯುವ ಚಿತ್ರದ ಕಾರ್ಡುಗಳಲ್ಲಿ ಈ ಮೂರು ನಾಲ್ಕು ಪದಗಳು ತೀರಾ ಸವೆದ ಮಾತು. ನಾವು ಕಾಗದದಲ್ಲಿ 'ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂದು ಬರೆಯುತ್ತಿದ್ದ ಹಾಗೆ. ಆದರೆ ಗಮನಿಸಿ ನೋಡಿ, ಹೇಳುತ್ತಿರುವುದು ಈ ಹೊತ್ತಿನ ಆಸೆ. ಕ್ರಿಯಾಪದ ಮಾತ್ರ ಭೂತಕಾಲದ್ದು. ಇಲ್ಲದ್ದನ್ನು ಬಯಸುವಾಗ ಇಂಗ್ಲಿಷು ಹಿಂದಕ್ಕೆ ಒಂದು ಹೆಜ್ಜೆ ಇಡುತ್ತದೆ. ಕನ್ನಡವೂ ಅಷ್ಟೇ. ಹಬ್ಬದ ದಿನ ಎಲೆ ಹಾಕುವಾಗ ನಾವು 'ಅವನಿಲ್ಲಿ ಇರಬೇಕಿತ್ತು' ಎನ್ನುತ್ತೇವೆ. ಬೇಕಾಗಿರುವುದು ಈಗ, ಆದರೂ ಬಾಯಿಗೆ ಬರುವುದು 'ಇತ್ತು'. ಎರಡು ಭಾಷೆಗಳೂ ಈ ಒಂದು ವಿಷಯದಲ್ಲಿ ಒಂದೇ ಥರ ನಡೆದುಕೊಳ್ಳುವುದು ನನಗೆ ಬಹಳ ಹಿಡಿಸಿತು.

ಹಾಡಿನ ಹಿಂದಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ತಂಡವನ್ನು ಕಟ್ಟಿದವರಲ್ಲಿ ಮುಖ್ಯನಾದವನು ಸಿಡ್ ಬ್ಯಾರೆಟ್ ಎಂಬ ಕೇಂಬ್ರಿಜ್‌ನ ಹುಡುಗ. 1967ರಲ್ಲಿ ಬಂದ ಅವರ ಮೊದಲ ರೆಕಾರ್ಡಿನ ಬಹುಪಾಲು ಹಾಡುಗಳು ಅವನವೇ. ಮಾದಕ ವಸ್ತುಗಳ ಸಹವಾಸ, ಅದರ ಜೊತೆಗೆ ಮನಸ್ಸಿನ ತೊಂದರೆ. ವೇದಿಕೆಯ ಮೇಲೆ ನಿಂತರೂ ಅಲ್ಲಿ ಇಲ್ಲದವನಂತಾದ. 1968ರಲ್ಲಿ ಅವನನ್ನು ಬಿಟ್ಟು ತಂಡ ಮುಂದೆ ಹೋಯಿತು. ಅವನ ಜಾಗಕ್ಕೆ ಬಂದವನು ಅವನದೇ ಊರಿನ ಗೆಳೆಯ ಡೇವಿಡ್ ಗಿಲ್ಮೋರ್. ಏಳು ವರ್ಷದ ನಂತರ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಈ ರೆಕಾರ್ಡಿನ ಕೆಲಸ ನಡೆಯುತ್ತಿತ್ತು. 1975ರ ಜೂನ್ 5ರಂದು ದಪ್ಪಗಾದ, ತಲೆ ಹುಬ್ಬು ಎರಡನ್ನೂ ಬೋಳಿಸಿಕೊಂಡ ವ್ಯಕ್ತಿಯೊಬ್ಬ ಒಳಗೆ ಬಂದು ನಿಂತ. ಯಾರೋ ಅಪರಿಚಿತ ಎಂದುಕೊಂಡವರಿಗೆ ಅದು ಸಿಡ್ ಎಂದು ತಿಳಿಯಲು ಬಹಳ ಹೊತ್ತು ಹಿಡಿಯಿತಂತೆ. ಆಗ ಅವರು ಕೆಲಸ ಮಾಡುತ್ತಿದ್ದದ್ದು ಅವನನ್ನೇ ನೆನೆದು ಕಟ್ಟಿದ ಇನ್ನೊಂದು ಹಾಡಿನ ಮೇಲೆ. ಆಮೇಲೆ ಅವನು ಕೇಂಬ್ರಿಜ್‌ಗೆ ಹಿಂತಿರುಗಿ, ಚಿತ್ರ ಬರೆಯುತ್ತ, ತೋಟ ನೋಡಿಕೊಳ್ಳುತ್ತ, 2006ರ ಜುಲೈನಲ್ಲಿ ತೀರಿಕೊಳ್ಳುವವರೆಗೆ ಸದ್ದಿಲ್ಲದೆ ಬದುಕಿದ. ಆ ರೆಕಾರ್ಡಿನ ಜೊತೆಗೆ ಒಂದು ಚಿತ್ರದ ಕಾರ್ಡನ್ನೂ ಇಟ್ಟಿದ್ದರು. ಕೆರೆಯೊಂದಕ್ಕೆ ಒಬ್ಬ ತಲೆಕೆಳಗಾಗಿ ಧುಮುಕಿದ್ದಾನೆ, ನೀರು ಮಾತ್ರ ಒಂದು ಹನಿಯೂ ಚಿಮ್ಮಿಲ್ಲ! ಇದ್ದೂ ಇಲ್ಲದಿರುವುದೆಂದರೆ ಅದೇ ತಾನೆ?

ಪುಣೆಯ ಕನ್ನಡಿಗರಿಗೆ ಹತ್ತಿರವಾದ ಒಂದು ಎಳೆಯೂ ಇಲ್ಲಿದೆ. ಅದೇ ಸಮಯದಲ್ಲಿ ಅದೇ ಸ್ಟುಡಿಯೋದ ಕಟ್ಟಡದಲ್ಲಿ ಪಿಟೀಲು ವಿದ್ವಾಂಸರಾದ ಸ್ತೆಫಾನ್ ಗ್ರಪೆಲಿ ಮತ್ತು ಯೆಹೂದಿ ಮೆನುಹಿನ್ ಕೂಡಿ ನುಡಿಸುತ್ತಿದ್ದರು. ಗ್ರಪೆಲಿ ಈ ಹಾಡಿಗೂ ಪಿಟೀಲು ನುಡಿಸಿಕೊಟ್ಟರು. ಆದರೆ ರೆಕಾರ್ಡು ಹೊರಬಂದಾಗ ಅದು ಕಿವಿಗೆ ಬೀಳುವಂತೆ ಉಳಿದಿರಲಿಲ್ಲ. ಜನ ಅದನ್ನು ಸರಿಯಾಗಿ ಕೇಳಿದ್ದು 2011ರಲ್ಲಿ ಆ ಪ್ರತಿಯನ್ನು ಬಿಡುಗಡೆ ಮಾಡಿದ ಮೇಲೆ. ಮೆನುಹಿನ್ ಯಾರೆಂದು ನಿಮಗೆ ಹೇಳಬೇಕಿಲ್ಲ. 1952ರಲ್ಲಿ ಭಾರತಕ್ಕೆ ಬಂದಾಗ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ಬಿ.ಕೆ.ಎಸ್. ಅಯ್ಯಂಗಾರ್ಯರಿಂದ ಯೋಗ ಕಲಿತು, 1954ರಲ್ಲಿ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡವರು. ಅಯ್ಯಂಗಾರ್ಯರ ಯೋಗ ಸಂಸ್ಥೆ ನಮ್ಮೂರಿನಲ್ಲಿ ತೆರೆದದ್ದೂ 1975ರಲ್ಲೇ. ಪ್ರಪಂಚ ದೊಡ್ಡದೆನ್ನುತ್ತಾರೆ, ನನಗೇನೋ ಸಂಶಯ.

ಇರಲಿ, ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಈ ಹಾಡು ನಮ್ಮ ಮನೆಗೆ ಬಂದದ್ದು ಅಣ್ಣನ ಕೈಯಲ್ಲಿ. ಎಂಬತ್ತರ ದಶಕದಲ್ಲಿ ಅವನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಯಾರದೋ ಕ್ಯಾಸೆಟ್ಟು, ಟೇಪ್‌ರೆಕಾರ್ಡರ್ ಎರವಲು ತಂದು, ಮುಂದಕ್ಕೆ ಹಿಂದಕ್ಕೆ ತಿರುಗಿಸಿ ತಿರುಗಿಸಿ, ಕಿವಿಯಿಂದಲೇ ಕಲಿತ. ಟೇಪ್‌ರೆಕಾರ್ಡರಿನ ಸೆಲ್ಲು ಇಳಿದರೆ ಹಾಡಿನ ಶ್ರುತಿಯೂ ಇಳಿಯುತ್ತಿತ್ತು. ಆಗ ಅಣ್ಣ ಗಿಟಾರಿನ ಆರು ತಂತಿಗಳನ್ನೂ ಸಡಿಲಿಸಿ ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದ. ಅಪ್ಪನಿಗೆ ಕೋಪ, ಅಮ್ಮನಿಗೆ ಒಳಗೊಳಗೇ ಹೆಮ್ಮೆ. ಪಕ್ಕದ ಕೋಣೆಯಲ್ಲಿ ವೀಣೆ ಹಿಡಿದು ಸರಳೆ ವರಸೆ ಉಜ್ಜುತ್ತಿದ್ದ ನನಗೆ ಆ ಹಾಡು ಬಾಯಿಪಾಠವಾಗಿಹೋಗಿತ್ತು.

2022ರಲ್ಲಿ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ದೇವರ ದಯೆ, ಜೀವ ಉಳಿಯಿತು, ಮಾತೂ ಉಳಿಯಿತು. ಎಡಗೈ ಹೋಯಿತು. ದಿನವೂ ವ್ಯಾಯಾಮ ಮಾಡಿಸಿದ ಮೇಲೆ ಈಗ ತೋಳು ಸ್ವಲ್ಪ ಏಳುತ್ತದೆ, ಬೆರಳುಗಳು ಮಾತ್ರ ಒತ್ತಲಾರವು. ಗಿಟಾರಿನಲ್ಲಿ ಬಲಗೈ ಮೀಟುತ್ತದೆ, ಸ್ವರ ಹುಟ್ಟಿಸುವುದು ಎಡಗೈ. ಮೈಸೂರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ, ಮೂಲೆಯಲ್ಲಿದ್ದ ಗಿಟಾರಿನ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಸಲ ಹೊರಡುವ ಹೊತ್ತಿಗೆ ಅತ್ತಿಗೆ ಅದನ್ನು ಚೀಲದಲ್ಲಿ ಹಾಕಿ ತಂದಿಟ್ಟರು. "ನಿಮ್ಮಣ್ಣ ತೊಗೊಂಡು ಹೋಗು ಅಂತಿದ್ದಾರೆ. ಇಲ್ಲಿದ್ರೆ ಅವರಿಗೆ ಸಂಕಟ" ಎಂದರು. ಹೀಗೆ ಅದು ರೈಲಿನಲ್ಲಿ ನನ್ನ ಜೊತೆ ಪುಣೆಗೆ ಬಂತು.

ತಂದ ಮೇಲೆ ಅಟ್ಟದ ಮೇಲಿಡಲು ಮನಸ್ಸು ಬರಲಿಲ್ಲ. ಎದುರು ಮನೆಯ ಮರಾಠಿ ಹುಡುಗ ಗಿಟಾರ್ ನುಡಿಸುತ್ತಾನೆ. ವಾರಕ್ಕೆರಡು ದಿನ ಬಂದು ಹೇಳಿಕೊಡಲು ಒಪ್ಪಿಕೊಂಡ. ಗುರುದಕ್ಷಿಣೆಯಾಗಿ ಪ್ರತಿ ಸಲವೂ ಒಂದು ಡಬ್ಬಿ ಚಕ್ಕುಲಿಯೋ ಕೋಡುಬಳೆಯೋ ಸಲ್ಲುತ್ತದೆ.

ವೀಣೆಗೂ ಗಿಟಾರಿಗೂ ಇರುವ ವ್ಯತ್ಯಾಸ ಮೊದಲ ದಿನವೇ ತಿಳಿಯಿತು. ವೀಣೆಯ 24 ಮೆಟ್ಟಿಲುಗಳ ಮೇಲೆ ನಾವು ತಂತಿಯನ್ನು ಎಳೆದು ಗಮಕ ತರುತ್ತೇವೆ; ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದೇ ಅದರ ಸೊಗಸು. ಗಿಟಾರಿನಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದು ಒಂದೇ ಸಲ ಮೀಟಬೇಕು. ಇದಕ್ಕೆ ಕಾರ್ಡ್ ಎನ್ನುತ್ತಾರೆ, ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಗಿಟಾರಿನ ಒಂದು ತಂತಿಯನ್ನು ಷಡ್ಜವೆಂದುಕೊಂಡರೆ ಮುಂದಿನ ತಂತಿ ಅದರ ಶುದ್ಧ ಮಧ್ಯಮ. ಹೀಗೇ ಆರೂ ತಂತಿಗಳು ಏರುತ್ತ ಹೋಗುತ್ತವೆ; ಮೂರನೆಯದಕ್ಕೂ ಎರಡನೆಯದಕ್ಕೂ ನಡುವೆ ಮಾತ್ರ ಅಂತರ ಗಾಂಧಾರದಷ್ಟೇ ದೂರ. ಎಣಿಕೆ ಸಣ್ಣ ತಂತಿಯಿಂದ ಶುರು, ಅದೇ ಒಂದನೆಯದು.

ಗೃಹಿಣಿಯರಿಗೆ ಉಪಯೋಗವಾಗುವ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ. ಉಕ್ಕಿನ ತಂತಿ ಬೆರಳ ತುದಿಯನ್ನು ಕೊಯ್ಯುವಂತೆ ಒತ್ತುತ್ತದೆ. ಪಾತ್ರೆ ತೊಳೆದ ಕೈಯಲ್ಲಿ ಕೂರಲೇಬೇಡಿ, ನೀರಲ್ಲಿ ನೆನೆದು ಮೆತ್ತಗಾದ ಚರ್ಮಕ್ಕೆ ನೋವು ಎರಡು ಪಟ್ಟು. ಕೈ ಒಣಗಿ ಅರ್ಧ ಗಂಟೆಯಾದರೂ ಆಗಲಿ. ಎಡಗೈಯ ಉಗುರನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿರಬೇಕು. ಬಲಗೈಯ ಬಳೆ ಗಿಟಾರಿನ ಮರಕ್ಕೆ ತಾಗಿ ಝಲ್ಲೆನ್ನುತ್ತದೆ, ತೆಗೆದಿಟ್ಟರೆ ಒಳ್ಳೆಯದು. ದಿನಕ್ಕೆ 15 ನಿಮಿಷ ಸಾಕು, ಆದರೆ ದಿನವೂ ಆಗಬೇಕು. ಮೂರು ನಾಲ್ಕು ವಾರದಲ್ಲಿ ತುದಿ ಜಡ್ಡುಗಟ್ಟಿ ನೋವು ತಾನಾಗಿ ಹೋಗುತ್ತದೆ. ಚಪಾತಿ ತಿರುವಿ ತಿರುವಿ ಬಿಸಿಗೆ ಒಗ್ಗಿದ ಬೆರಳುಗಳಲ್ಲವೇ ನಮ್ಮವು!

ಇನ್ನು ಹಾಡಿನ ಮರ್ಮ. ಮೊದಲ ಪಾಠದಲ್ಲೇ ಹುಡುಗ ನನ್ನ ಉಂಗುರಬೆರಳನ್ನು ಎರಡನೆಯ ತಂತಿಯ ಮೂರನೆಯ ಮೆಟ್ಟಿಲಿಗೆ, ಕಿರುಬೆರಳನ್ನು ಒಂದನೆಯ ತಂತಿಯ ಮೂರನೆಯ ಮೆಟ್ಟಿಲಿಗೆ ಒತ್ತಿಸಿ, "ಕಾಕೂ, ಹೀ ದೋನ್ ಬೋಟ ಹಲವೂ ನಕಾ" ಎಂದ. ಈ ಎರಡು ಬೆರಳು ಅಲುಗಾಡಬಾರದು, ಅಷ್ಟೇ. ಹಾಡಿನ ಆರಂಭದಲ್ಲಿ ಬರುವುದು ಮೂರೇ ಹಿಡಿತ: ಇ ಮೈನರ್ ಸೆವೆನ್, ಜಿ, ಎ ಸೆವೆನ್ ಸಸ್ ಫೋರ್. ಹೆಸರು ಕೇಳಿ ಹೆದರಬೇಡಿ. ತೋರುಬೆರಳು, ನಡುಬೆರಳು ಮಾತ್ರ ದಪ್ಪ ತಂತಿಗಳ ಮೇಲೆ ಮನೆಯಿಂದ ಮನೆಗೆ ಓಡಾಡುತ್ತವೆ. ಉಳಿದೆರಡು ಬೆರಳು ಹೊಸಿಲಿಗೆ ಹೊಡೆದ ಮೊಳೆಯಂತೆ ಇದ್ದಲ್ಲೇ ಇರುತ್ತವೆ.

ಯಾಕೆ ಹೀಗೆ ಎಂದು ಒಂದು ಮಧ್ಯಾಹ್ನ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಹಾಡಿನ ಆಧಾರ ಸ್ವರ ಜಿ. ಅದನ್ನು ಷಡ್ಜವೆಂದುಕೊಂಡರೆ, ಕಿರುಬೆರಳು ಕೂತಿರುವುದು ತಾರ ಷಡ್ಜದ ಮೇಲೆ, ಉಂಗುರಬೆರಳು ಪಂಚಮದ ಮೇಲೆ. ಪ ಮತ್ತು ಸ! ಅಂದರೆ ತಂಬೂರಿಯ ಸ್ವರಗಳೇ ಅವು. ಉಳಿದ ಲೆಕ್ಕವನ್ನೂ ಮುಗಿಸಿದೆ. ಮೊದಲನೆಯ ಹಿಡಿತದಲ್ಲಿರುವುದು ದ ಸ ಗ ಪ, ಎರಡನೆಯದರಲ್ಲಿ ಸ ಗ ಪ, ಮೂರನೆಯದರಲ್ಲಿ ರಿ ಪ ದ ಸ. ಮೂರನ್ನೂ ಕೂಡಿಸಿದರೆ ಸ ರಿ ಗ ಪ ದ, ನಮ್ಮ ಮೋಹನದ ಐದು ಸ್ವರಗಳು. ಹಾಡುವ ದನಿ ಬರುವಾಗ ಮಧ್ಯಮವೂ ಕಾಕಲಿ ನಿಷಾದವೂ ಸೇರುವುದರಿಂದ ಅದನ್ನು ಮೋಹನ ರಾಗವೆನ್ನಲು ಬರುವುದಿಲ್ಲ. ಗಿಲ್ಮೋರ್ ಕರ್ನಾಟಕ ಸಂಗೀತ ನೋಡಿಕೊಂಡು ಕಟ್ಟಿದನೆಂದೂ ನಾನು ಹೇಳುತ್ತಿಲ್ಲ. ಹೊಸದಾಗಿ ಕೊಂಡ 12 ತಂತಿಯ ಗಿಟಾರನ್ನು ಕೈಯಲ್ಲಿ ಹಿಡಿದಾಗ ಅವನಿಗೆ ಸಹಜವಾಗಿ ಹೊಳೆದ ವರಸೆ ಅದು. ಆದರೆ ಎರಡು ಸ್ವರ ಕದಲದೆ ನಿಂತು, ಉಳಿದವು ಅದರ ಸುತ್ತ ನಡೆಯುವುದರಲ್ಲಿ ಸಿಗುವ ನೆಮ್ಮದಿ ಎಲ್ಲ ಊರಿನ ಕಿವಿಗೂ ಒಂದೇ ಎಂದು ಕಾಣುತ್ತದೆ.

ಹಾಡಿನ ಶುರುವಿನಲ್ಲಿ ಇನ್ನೊಂದು ಚಮತ್ಕಾರವಿದೆ. ಮೊದಲು ರೇಡಿಯೋದ ತಿರುಪು ತಿರುಗಿಸಿದ ಸದ್ದು, ಮಾತಿನ ತುಣುಕು, ಚೈಕೋವ್‌ಸ್ಕಿಯ ನಾಲ್ಕನೆಯ ಸಿಂಫನಿಯ ಒಂದು ಚೂರು. ಅದನ್ನೆಲ್ಲ ಗಿಲ್ಮೋರನ ಕಾರಿನ ರೇಡಿಯೋದಿಂದ ಮುದ್ರಿಸಿಕೊಂಡರಂತೆ. ಆಮೇಲೆ 12 ತಂತಿಯ ಗಿಟಾರ್ ಕೇಳುತ್ತದೆ. ದನಿ ತೆಳು, ಎಲ್ಲೋ ದೂರದ ಸ್ಟೇಷನ್ನಿನಿಂದ ಬಂದ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಕೋಣೆಯಲ್ಲಿ ಯಾರೋ ಕೆಮ್ಮುತ್ತಾರೆ, ಉಸಿರೆಳೆದುಕೊಳ್ಳುತ್ತಾರೆ, ತಮ್ಮ ಗಿಟಾರ್ ಎತ್ತಿಕೊಂಡು ರೇಡಿಯೋದ ಜೊತೆ ನುಡಿಸತೊಡಗುತ್ತಾರೆ. ಈ ಎರಡನೆಯ ಗಿಟಾರಿನ ದನಿ ತುಂಬು ದನಿ, ನಮ್ಮ ಪಕ್ಕದಲ್ಲೇ ಕೂತ ಹಾಗೆ. ಕೋಣೆಯವನಿಗೆ ರೇಡಿಯೋ ಕೇಳುತ್ತದೆ, ರೇಡಿಯೋಕ್ಕೆ ಕೋಣೆಯವನು ಕೇಳುವುದಿಲ್ಲ. ಇಷ್ಟು ಗೊತ್ತಿದ್ದೂ ಅವನು ಅದರ ಜೊತೆ ನುಡಿಸುತ್ತಾನೆ.

ನಾಲ್ಕು ತಿಂಗಳಲ್ಲಿ ಆರಂಭದ ಭಾಗ ಕೈಗೆ ಬಂತು. ಅಣ್ಣನಿಗೆ ಹೇಳಬೇಕೋ ಬೇಡವೋ ಎಂಬುದೇ ದೊಡ್ಡ ಚಿಂತೆಯಾಯಿತು. ಅವನ ಗಿಟಾರ್, ಅವನ ಹಾಡು. ಗಾಯದ ಮೇಲೆ ಬರೆ ಎಳೆದ ಹಾಗಾದರೆ? ನಮ್ಮ ಯಜಮಾನರು "ಅವನನ್ನೇ ಕೇಳು" ಎಂದರು. ಒಂದು ಭಾನುವಾರ ಫೋನಿನಲ್ಲಿ ಅದೂ ಇದೂ ಮಾತಾಡಿ ಕೊನೆಗೆ, "ಅಣ್ಣ, ನಿನ್ನ ಗಿಟಾರಲ್ಲಿ ಒಂಚೂರು ಕಲಿತಿದೀನಿ. ಕೇಳ್ತೀಯಾ?" ಎಂದೆ. ಆ ಕಡೆಯಿಂದ ಮಾತಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಳ್ಳುವಷ್ಟು ಹೊತ್ತು ಬಿಟ್ಟು, "ಯಾವುದು?" ಎಂದ. ಹೇಳಿದೆ. "ಹೂಂ, ನುಡಿಸು" ಎಂದ.

ಈಗಿನ ಫೋನುಗಳದ್ದು ಒಂದು ಗುಣವಿದೆ. ಮನುಷ್ಯರ ಮಾತನ್ನು ಉಳಿಸಿ, ತಂತಿಯ ದನಿಯನ್ನು ಗದ್ದಲವೆಂದು ತಿಳಿದು ಅಳಿಸಿಬಿಡುತ್ತವೆ. ಎದುರು ಮನೆಯ ಹುಡುಗ ಅದಕ್ಕೊಂದು ಉಪಾಯ ಮಾಡಿಕೊಟ್ಟ. ಸಂಗೀತದವರಿಗಾಗಿಯೇ ದನಿಯನ್ನು ಇದ್ದ ಹಾಗೆ ಕಳಿಸುವ ಏರ್ಪಾಡು ಕೆಲವು ವಿಡಿಯೋ ಕರೆಗಳಲ್ಲಿ ಇದೆಯಂತೆ. ಅದನ್ನು ಹಾಕಿಕೊಂಡು ನುಡಿಸಿದಾಗ ಅಣ್ಣ ಮೊದಲ ಬಾರಿಗೆ ನಕ್ಕ. "ಪುಟ್ಟೀ, ನಿನ್ನ ಗಿಟಾರು ಇಲ್ಲಿ ಥೇಟ್ ರೇಡಿಯೋ ಥರಾನೇ ಕೇಳಿಸ್ತಿದೆ ಕಣೇ!" ಎಂದ. ದೂರವಾಣಿಯಲ್ಲಿ ದನಿ ತೆಳುವಾಗಿ, ಮೈಸೂರು ತಲುಪುವ ಹೊತ್ತಿಗೆ ಹಾಡಿನ ಮೊದಲನೆಯ ಗಿಟಾರಿನಂತೆಯೇ ಆಗಿತ್ತು.

ಮುಂದಿನ ಭಾನುವಾರ ಅವನು ಎರಡನೆಯ ಗಿಟಾರಿನ ಭಾಗವನ್ನು ಬಾಯಲ್ಲಿ ಗುನುಗತೊಡಗಿದ, ಬಲಗೈಯಿಂದ ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತ. ಆದರೆ ಕೂಡಲಿಲ್ಲ. ನನ್ನ ದನಿ ಅವನನ್ನು ತಲುಪಲು ಸೆಕೆಂಡಿನ ಒಂದಿಷ್ಟು ಭಾಗ, ಅವನದು ನನ್ನನ್ನು ತಲುಪಲು ಇನ್ನೊಂದಿಷ್ಟು. ಮಾತಿಗೆ ಅದು ಲೆಕ್ಕಕ್ಕಿಲ್ಲ, ತಾಳಕ್ಕೆ ಬಹಳ. ನನಗೆ ಅವನು ಹಿಂದೆ ಬಿದ್ದಂತೆ ಕೇಳಿ ನಾನು ನಿಧಾನ ಮಾಡುವುದು, ನಾನು ನಿಧಾನವಾದೆನೆಂದು ಅವನು ಇನ್ನೂ ನಿಧಾನ ಮಾಡುವುದು. ಕೊನೆಗೆ ಇಬ್ಬರೂ ನಿಂತೇಬಿಡುವುದು!

ಉಪಾಯ ಹೇಳಿದವನು ಅಣ್ಣನೇ. "ನನಗೋಸ್ಕರ ಕಾಯಬೇಡ ಕಣೇ. ನೀನು ರೇಡಿಯೋ. ನನ್ನ ಕಡೆ ಕಿವಿ ಕೊಡದೆ ನುಡಿಸ್ತಾ ಹೋಗು. ನಾನು ಬಂದು ಸೇರ್ಕೋತೀನಿ."

ಹಾಗೇ ಮಾಡಿದೆ. ಗೋಡೆ ಗಡಿಯಾರವನ್ನು ನೋಡುತ್ತ, ಎರಡು ಬೆರಳನ್ನು ಪಂಚಮ ಷಡ್ಜಗಳ ಮೇಲೆ ಒತ್ತಿ ಹಿಡಿದು, ನುಡಿಸುತ್ತಾ ಹೋದೆ. ಅವನ ದನಿ ನನಗೆ ತಡವಾಗಿಯೇ ಕೇಳುತ್ತಿತ್ತು. ಕೈಯಂತೂ ಅವನಿಗಾಗಿ ನಿಲ್ಲಲು ಹಾತೊರೆಯುತ್ತಿತ್ತು. ತಂಗಿಯಾದವಳಿಗೆ ಅಣ್ಣ ಹಿಂದೆ ಉಳಿದನೆಂದರೆ ನಿಲ್ಲದೆ ಹೋಗುವುದು ಎಷ್ಟು ಕಷ್ಟ ನೋಡಿ. ಆದರೆ ನಾನು ನಿಂತರೆ ಅವನಿಗೆ ಸೇರಿಕೊಳ್ಳಲು ಏನೂ ಉಳಿಯುವುದಿಲ್ಲ. ಮುಗಿದ ಮೇಲೆ ಅತ್ತಿಗೆ ಫೋನು ತೆಗೆದುಕೊಂಡು, "ಇಲ್ಲಿ ಎರಡೂ ಸರಿಯಾಗಿ ಕೂಡ್ತು ಕಣಮ್ಮ" ಎಂದರು. ನನ್ನ ಮನೆಯಲ್ಲಿ ಕೂಡದೆ ಉಳಿದ ಹಾಡು ಮೈಸೂರಿನಲ್ಲಿ ಕೂಡಿತ್ತು. ಈಗ ಎಲ್ಲ ಭಾನುವಾರವೂ ಹಾಗೆಯೇ.

ಕಾಯಿಲೆ ಬಿದ್ದವರ ಜೊತೆ ಹೇಗಿರಬೇಕೆಂದು ಎಷ್ಟೋ ಜನ ನನಗೆ ಬುದ್ಧಿ ಹೇಳಿದ್ದರು. ಅವರ ಮುಂದೆ ಹಳೆಯದನ್ನು ಎತ್ತಬೇಡ, ಅವರಿಗೆ ಆಗದ್ದನ್ನು ನೀನು ಮಾಡಬೇಡ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಣ್ಣನ ವಿಷಯದಲ್ಲಿ ಮಾತ್ರ ಗಿಟಾರನ್ನು ಮುಚ್ಚಿಡುವುದಕ್ಕಿಂತ ನುಡಿಸುವುದೇ ಸರಿಯಾಯಿತು. ಅವನ ಎಡಗೈ ಹಾಗೇ ಇದೆ. ಆದರೆ ಈಚೆಗೆ ಅವನೇ ಫೋನು ಮಾಡಿ "ಮುಂದಿನ ಭಾಗ ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಾನೆ. ಹಾಡುವ ದನಿ ಬರುವ ಆ ಭಾಗದಲ್ಲಿ ಕದಲದ ಎರಡು ಬೆರಳೂ ಏಳಬೇಕು, ನಾಲ್ಕೂ ಬೆರಳು ಹೊಸ ಮನೆಗಳಿಗೆ ಹೋಗಬೇಕು. ಅಲ್ಲಿ ಅಣ್ಣನೇ ಹಾಡುವುದೆಂದು ಮಾತಾಗಿದೆ.

ನಿಮ್ಮ ಮನೆಯ ಅಟ್ಟದ ಮೇಲೂ ಮಕ್ಕಳು ಬಿಟ್ಟುಹೋದ ಗಿಟಾರ್ ಇರಬಹುದು. ಮಳೆಗಾಲ ಕಳೆದ ಮೇಲೆ ಕೆಳಗಿಳಿಸಿ, ತುಕ್ಕು ಹಿಡಿದ ತಂತಿ ಬದಲಿಸಿ, ಕತ್ತು ಬಾಗಿದೆಯೇ ಎಂದು ವಾದ್ಯದ ಅಂಗಡಿಯವರಿಗೆ ತೋರಿಸಿ. ಮೊದಲು ಆ ಎರಡು ಬೆರಳನ್ನಿಟ್ಟು ಪಂಚಮ ಷಡ್ಜ ಸ್ಪಷ್ಟವಾಗಿ ಕೇಳುವವರೆಗೆ ಒಂದು ವಾರ ಬರೀ ಅದನ್ನೇ ಮೀಟಿ. ಉಳಿದದ್ದಕ್ಕೆ ಅವಸರವಿಲ್ಲ.